ಕಡಸಲು ಕಟ್ಟೆ: ಕಡೆದದ್ದು ಚೆನ್ನಾಗಿದೆ, ಹಚ್ಚಿದ್ದು ಕೆಟ್ಟಿದೆ

ಭದ್ರಾವತಿಯಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆದವನು ನಾನು. ನಿವೃತ್ತಿಯಾದ ಮೇಲೆ ತೀರ್ಥಹಳ್ಳಿ ಹತ್ತಿರದ ಊರಮನೆಗೆ ಬಂದು, ಕೊಟ್ಟಿಗೆಯ ಒಂದು ಮೂಲೆಯಲ್ಲಿ ಲೇತ್ ಹಾಕಿಕೊಂಡು ಮರ ಕಡೆಯುತ್ತಿದ್ದೇನೆ. ಕಬ್ಬಿಣಕ್ಕೆ ಒಂದು ಗುಣವಿತ್ತು. ಸಂಜೆ ಅಳತೆ ನೋಡಿ ಇಟ್ಟದ್ದು ಬೆಳಿಗ್ಗೆಯೂ ಅದೇ ಅಳತೆಯಲ್ಲಿ ಇರುತ್ತಿತ್ತು. ಮರ ಹಾಗಲ್ಲ, ಮಳೆ ನಕ್ಷತ್ರ ಬದಲಾದರೆ ಅದರ ಅಳತೆಯೂ ಬದಲಾಗುತ್ತದೆ. ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಪಾಲೀಸಿನ ವಿಚಾರವೇ ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿದ್ದೇನೆ. ಉಳಿ ಮಸೆಯುವ ಬಗ್ಗೆ ಕೇಳಿದವರು ಬೇಸರಿಸಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಕೆಲಸದಿಂದ ನಿವೃತ್ತರಾದ ಮೇಲೆ ಸಣ್ಣ ಲೇತ್ ತಂದು ಕುಂಕುಮ ಭರಣಿ, ಬುಗುರಿ, ಕೀ ಗೊಂಚಲಿನ ಗುಂಡು ಕಡೆಯುತ್ತಾರೆ. ಮರ ಹಲಸಿನದು, ಮತ್ತೆ ಹಳೆ ಮಂಚದ ಬೀಟೆ ಕಾಲು. ಮೊದಲು ಅಗಸೆ ಎಣ್ಣೆ ಹಚ್ಚಿದರು. ಬೀಟೆ ಭರಣಿ ಎರಡು ತಿಂಗಳಾದರೂ ಕೈಗೆ ಅಂಟುತ್ತದೆ. ಹಲಸಿನದಕ್ಕೆ ವಾರ್ನಿಷ್ ಹೊಡೆದರು. ಆಷಾಢದಲ್ಲಿ ಒಳಗೆಲ್ಲ ಬೂಷ್ಟು, ಮುಚ್ಚಳ ಬೇರೆ ಕಚ್ಚಿಕೊಂಡಿತು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮಾರುವ ಆಸೆಯಿದೆ. ಗಟ್ಟಿಯಾಗಿ ಬಾಳಿಕೆ ಬರುವ ಪಾಲೀಸು ಯಾವುದು? ಒಂದೇ ಹೆಸರು ಹೇಳಿ.
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಒಂದೇ ಹೆಸರು ಬೇಕೆಂದರೆ ಅರಗು, ಅಂಗಡಿಯವರು ಶೆಲ್ಲಾಕ್ ಎನ್ನುವುದು. ಆದರೆ ಅಕ್ಕ, ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕಾಯಿಲೆ ಇವೆ. ಮೂರಕ್ಕೂ ಒಂದೇ ಗುಳಿಗೆ ಕೊಟ್ಟು ಕಳಿಸಿದರೆ ಮುಂದಿನ ಮಳೆಗಾಲಕ್ಕೆ ನೀವು ಮತ್ತೆ ಪತ್ರ ಬರೆಯುತ್ತೀರಿ.

ಮೊದಲು ಬೀಟೆ. ಇದರಲ್ಲಿ ತಪ್ಪು ಯಜಮಾನರದ್ದೂ ಅಲ್ಲ, ಎಣ್ಣೆಯದ್ದೂ ಅಲ್ಲ. ಅಗಸೆ ಎಣ್ಣೆ ಒಣಗುವುದು ಒದ್ದೆ ಬಟ್ಟೆ ಒಣಗಿದ ಹಾಗೆ ಅಲ್ಲ. ಅದರಿಂದ ಏನೂ ಆವಿಯಾಗಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಎಳೆದುಕೊಂಡು ಎಣ್ಣೆಯೇ ಗಟ್ಟಿ ಪೊರೆಯಾಗುತ್ತದೆ. ದೋಸೆ ಕಾವಲಿ ಪಳಗಿ ಕಪ್ಪಗೆ ನುಣುಪಾಗುತ್ತದಲ್ಲ, ಅಲ್ಲಿ ಬೆಂಕಿ ಬೇಗ ಮಾಡುವ ಕೆಲಸವನ್ನು ಇಲ್ಲಿ ಗಾಳಿ ನಿಧಾನಕ್ಕೆ ಮಾಡುತ್ತದೆ. ಬೀಟೆಯ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ಮರದಲ್ಲಿ, ಅದರದೇ ಜಿಡ್ಡು ಇದೆ, ಅದು ಈ ಕೆಲಸಕ್ಕೆ ಅಡ್ಡ ಬರುತ್ತದೆ. ಎಣ್ಣೆ ಎಷ್ಟು ದಿನ ಇಟ್ಟರೂ ಅರೆಬೆಂದಂತೆ ಇರುತ್ತದೆ. ಸಾಗುವಾನಿಯಲ್ಲೂ ಈ ಗುಣ ಸ್ವಲ್ಪ ಉಂಟು. ಅಂಟುತ್ತದೆ ಎಂದು ಅದರ ಮೇಲೆ ಇನ್ನೊಂದು ಕೈ ಹಚ್ಚಬೇಡಿ. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ ಅಂಟನ್ನೆಲ್ಲ ತೆಗೆಯಿರಿ, ಎರಡು ದಿನ ಗಾಳಿಗಿಡಿ, ಆಮೇಲೆ ಪಾಲೀಸಿಗೆ ಬಳಸುವ ಸ್ಪಿರಿಟ್‌ನಿಂದ (ಮದ್ಯಸಾರ) ಒಮ್ಮೆ ಒರೆಸಿ ತೆಳ್ಳಗಿನ ಅರಗು ಕೊಡಿ. ಅರಗು ಬೀಟೆಯ ಜಿಡ್ಡಿಗೆ ಹೆದರುವುದಿಲ್ಲ.

ಎಣ್ಣೆಯ ಮಾತು ಬಂತಲ್ಲ, ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಊರಿಗೆ ಬಂದ ಮೊದಲ ವರ್ಷ. ಒಂದು ದಿನ ಇಪ್ಪತ್ತು ಹಲಸಿನ ಬಟ್ಟಲಿಗೆ ಎಣ್ಣೆ ಹಚ್ಚಿ, ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಗೋಣಿಚೀಲಕ್ಕೆ ತುಂಬಿ ಮೂಲೆಗೆ ಒಗೆದೆ. ಚೀಲದಲ್ಲಿ ಮೊದಲೇ ಮರದ ಹೊಟ್ಟು ಇತ್ತು. ರಾತ್ರಿ ಊಟಕ್ಕೆ ಕೂತಾಗ ಮನೆಯಾಕೆ, "ಎಂತದೋ ಸುಟ್ಟ ವಾಸನೆ" ಎಂದಳು. ಬಚ್ಚಲ ಒಲೆ ಇರಬೇಕು ಎಂದೆ. ಅವಳು ಕೇಳಲಿಲ್ಲ, ಕೊಟ್ಟಿಗೆಗೆ ಹೋಗಿ ನೋಡಿದರೆ ಚೀಲದ ನಡುವಿನಿಂದ ಹೊಗೆ. ಬೆಂಕಿಕಡ್ಡಿ ಇಲ್ಲ, ಬೀಡಿ ಇಲ್ಲ, ಕರೆಂಟೂ ಇಲ್ಲ! ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯೊಳಗೆ ಆ ಬಿಸಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಏರುತ್ತಾ ಏರುತ್ತಾ ತಾನಾಗಿ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಒಣಹುಲ್ಲು ಇತ್ತು, ಆ ಕಡೆ ಎರಡು ದನ. ಅವಳ ಮೂಗಿನಿಂದ ಕೊಟ್ಟಿಗೆ ಉಳಿಯಿತು. ಈಗ ಎಣ್ಣೆ ಬಟ್ಟೆಯನ್ನು ಹೊರಗೆ ತಂತಿ ಮೇಲೆ ಒಂದೊಂದಾಗಿ ಹರಡುತ್ತೇನೆ. ಮಳೆಯಿದ್ದರೆ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡುತ್ತೇನೆ. ನೀವೂ ಹಾಗೇ ಮಾಡಿ. ಕೊಬ್ಬರಿ ಎಣ್ಣೆಗೆ ಈ ಗೋಳಿಲ್ಲ, ಏಕೆಂದರೆ ಅದು ಗಟ್ಟಿಯಾಗುವುದೇ ಇಲ್ಲ. ಅದೇ ಕಾರಣಕ್ಕೆ ಅದು ಪಾಲೀಸೂ ಅಲ್ಲ, ನಾಲ್ಕು ದಿನದ ಮಿರುಗು ಅಷ್ಟೆ.

ಎರಡನೆಯದು ಮುಚ್ಚಳ. ಇದನ್ನು ಯಾವ ಪಾಲೀಸೂ ಪೂರ್ತಿ ಗುಣ ಮಾಡುವುದಿಲ್ಲ. ಗಾಳಿಯ ತೇವ ನೂರಕ್ಕೆ ಐವತ್ತರ ಆಸುಪಾಸು ಇದ್ದಾಗ ಮರದೊಳಗೆ ನೂರಕ್ಕೆ 9ರಷ್ಟು ನೀರು ನಿಲ್ಲುತ್ತದೆ. ಗಾಳಿಯ ತೇವ ತೊಂಬತ್ತಕ್ಕೆ ಏರಿ ಅಲ್ಲೇ ನಿಂತರೆ ಮರದ ನೀರು ನಿಧಾನಕ್ಕೆ 20ಕ್ಕೆ ಹೋಗುತ್ತದೆ. ನಮ್ಮಲ್ಲಿ ಆರಿದ್ರೆಯಿಂದ ಆಶ್ಲೇಷದವರೆಗೆ ಗಾಳಿ ಎಂದರೆ ನೀರೇ ಅಲ್ಲವೇ. ಆಗ ಮರ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಎಳೆಯ ಉದ್ದಕ್ಕೆ ಬಹುಪಾಲು ಉಬ್ಬುವುದೇ ಇಲ್ಲ. ಹಾಗಾಗಿ ಗುಂಡಗೆ ಕಡೆದ ಮುಚ್ಚಳ ಮೊಟ್ಟೆಯಾಕಾರವಾಗಿ ಎರಡು ಕಡೆ ಕಚ್ಚುತ್ತದೆ. ಪಾಲೀಸು ತೇವವನ್ನು ತಡ ಮಾಡಬಲ್ಲದು, ತಡೆಯಲಾರದು. ಅದೂ ಒಳಗೆ ಹೊರಗೆ ಸಮನಾಗಿ ಹಚ್ಚಿದ್ದರೆ ಮಾತ್ರ. ಹೊರಗೆ ಮೂರು ಕೈ, ಒಳಗೆ ಬರೀ ಮರ ಎಂದು ಬಿಟ್ಟರೆ ಒಂದು ಮೈ ಬೇಗ ಕುಡಿದು ಇನ್ನೊಂದು ಮೈ ತಡವಾಗಿ ಕುಡಿದು ಸೊಟ್ಟಗಾಗುತ್ತದೆ. ನಾನು ಒಂದು ಫಾಲ್ಗುಣದಲ್ಲಿ, ಮುಚ್ಚಳ ತೆಗೆದರೆ ಟಪ್ ಎಂದು ಸದ್ದು ಬರಬೇಕು ಎಂಬ ಶೋಕಿಯಲ್ಲಿ ಮೂವತ್ತು ಭರಣಿ ಬಿಗಿಯಾಗಿ ಕಡೆದೆ. ನೆಂಟರಿಗೆಲ್ಲ ಹಂಚಿಯೂ ಆಯಿತು. ಪುಷ್ಯ ಮಳೆಯಲ್ಲಿ ನಮ್ಮ ಅತ್ತಿಗೆ ಕುಂಕುಮಕ್ಕಾಗಿ ಕತ್ತಿ ಹಿಡಿದು ಕೂತಿದ್ದರಂತೆ. ಬೇಸಿಗೆಯಲ್ಲಿ ಕಡೆಯುವುದಾದರೆ ಮುಚ್ಚಳ ಸ್ವಲ್ಪ ಸಡಿಲವೇ ಇರಲಿ. ಕೂರುವ ಜಾಗಕ್ಕೆ ಪಾಲೀಸಿನ ದಪ್ಪ ಬೇಡ, ಜೇನುಮೇಣ ತಿಕ್ಕಿ ಬಿಡಿ.

ಮೂರನೆಯದು ಬೂಷ್ಟು. ಅದಕ್ಕೆ ಬೇಕಾದದ್ದು ತೇವ ಮತ್ತು ತಿನ್ನಲು ಏನಾದರೂ. ವಾರ್ನಿಷ್ ಒಳಗಿನವರೆಗೆ ಒಣಗುವ ಮೊದಲೇ ಮುಚ್ಚಳ ಹಾಕಿ ಬೀರುವಿನಲ್ಲಿ ಇಟ್ಟಿರಬೇಕು. ಹಲಸು ಹಸಿಯಾಗಿದ್ದಿರಲೂಬಹುದು. ಕಡೆಯುವಾಗ ಹೊಟ್ಟು ಕೈಗೆ ತಣ್ಣಗೆ ಹತ್ತುತ್ತಿತ್ತೇ ಎಂದು ಯಜಮಾನರನ್ನು ಕೇಳಿ. ಹೌದು ಎಂದರೆ ಅದು ಹಸಿಮರ. ಅಂಥದ್ದನ್ನು ಒರಟಾಗಿ ಕಡೆದು, ಹೊಗೆ ಅಟ್ಟದಲ್ಲಿ ಅಡಿಕೆ ಚೀಲದ ಪಕ್ಕ ಮೂರ್ನಾಲ್ಕು ತಿಂಗಳಿಟ್ಟು, ಆಮೇಲೆ ನಯಗೊಳಿಸಬೇಕು. ಹಲಸಿನ ಹೊರಗಿನ ಬಿಳಿ ಭಾಗ ಉಳಿದಿದ್ದರೆ ಕಡೆದು ಹಾಕಿ, ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದೇ ಅಲ್ಲಿಂದ.

ಇನ್ನು ಅರಗು. ಚನ್ನಪಟ್ಟಣದವರು ಹಾಲೆ ಮರದ ಗೊಂಬೆ ಲೇತಿನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ, ಮೇಲೆ ಕೇದಗೆ ಗರಿ ಹಿಡಿದು ಹೊಳಪು ತರುತ್ತಾರೆ. ನಿಮ್ಮ ಬುಗುರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ, ಆದರೆ ಕೈಗೆ ಕೂರಲು ಒಂದು ವರ್ಷ ಬೇಕು. ಭರಣಿಗೆ ಸುಲಭದ ದಾರಿ ಇದೆ. ಪಾಲೀಸು ಸಾಮಾನಿನ ಅಂಗಡಿಯಲ್ಲಿ ಶೆಲ್ಲಾಕ್ ಅಥವಾ ಚಪಡಾ ಎಂದು ಕೇಳಿ, ಹಪ್ಪಳದ ಚೂರಿನಂಥ ಅರಗು ಕೊಡುತ್ತಾರೆ. 100 ಮಿಲಿ ಸ್ಪಿರಿಟ್‌ಗೆ 12ರಿಂದ 15 ಗ್ರಾಂ. ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ನೆನೆಸಿ, ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ. ಬಾಟಲಿ ಮೇಲೆ ತಾರೀಖು ಬರೆಯಿರಿ. ಆರು ತಿಂಗಳು ದಾಟಿದ ದ್ರಾವಣ ಸರಿಯಾಗಿ ಗಟ್ಟಿಯಾಗುವುದಿಲ್ಲ. ಕಲಸಿಟ್ಟದ್ದನ್ನು ಅಂಗಡಿಯಿಂದ ತಂದರೆ ಅದು ಯಾವ ಕಾಲದ್ದೋ ಗೊತ್ತಾಗುವುದಿಲ್ಲ. ಒಮ್ಮೆ ಹಾಗೆ ತಂದು ಹದಿನೈದು ಬಟ್ಟಲು ಮತ್ತೆ ತಿಕ್ಕಿದ್ದೇನೆ. ಮತ್ತೊಂದು ಮಾತು, ಆ ಸ್ಪಿರಿಟ್ ವಿಷ. ಬಚ್ಚಲ ಒಲೆಯ ಹತ್ತಿರಕ್ಕೆ ಒಯ್ಯಬೇಡಿ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.

ಉಪ್ಪುಕಾಗದ 120ರಿಂದ ಶುರು ಮಾಡಿ 180, 240, 320 ಎಂದು ಹೋಗಲಿ. ಪ್ರತಿ ನಂಬರು ಮುಗಿದಾಗ ಲೇತ್ ನಿಲ್ಲಿಸಿ ಎಳೆಯ ಉದ್ದಕ್ಕೆ ಒಮ್ಮೆ ಕೈಯಿಂದ ತಿಕ್ಕಿದರೆ ಸುತ್ತುಗೆರೆ ಹೋಗುತ್ತದೆ. ಮೊದಲ ಕೈ ಅರಗನ್ನು ಮರ ಕುಡಿದುಬಿಡುತ್ತದೆ, ರೋಮ ಎದ್ದು ನಿಲ್ಲುತ್ತದೆ. ಅದನ್ನು ಮೆಲ್ಲಗೆ ತಿಕ್ಕಿ. ಆಮೇಲೆ ಅರ್ಧ ಗಂಟೆಗೊಂದರಂತೆ ಮೂರು ಕೈ, ಎಲ್ಲವೂ ತೆಳು. ತಿರುಗುವ ಲೇತಿಗೆ ಬಟ್ಟೆ ಹಿಡಿಯಬೇಡಿ. ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಹರಿದುಹೋಗುವ ಟಿಶ್ಯೂ ಕಾಗದ ಸಾಕು. ಎರಡು ದಿನ ಬಿಟ್ಟು ಜೇನುಮೇಣ.

ನಾನು ಅರಗಿನ ಕಡೆ ವಾಲುವುದಕ್ಕೆ ಕಾರಣ ಅದು ಎಲ್ಲಕ್ಕಿಂತ ಗಟ್ಟಿ ಎಂದಲ್ಲ. ಅಂಗಡಿಯ ಮೆಲಮೈನ್ ಪಾಲೀಸು, ಪಿಯು (ಪಾಲಿಯುರೆಥೇನ್) ಎರಡೂ ಅದಕ್ಕಿಂತ ಗಟ್ಟಿ, ಬಿಸಿ ಲೋಟಕ್ಕೂ ನೀರಿಗೂ ಜಗ್ಗುವುದಿಲ್ಲ. ಆದರೆ ಅವುಗಳಿಗೆ ಗೀರು ಬಿದ್ದರೆ, ಅಂಚು ಎದ್ದರೆ, ಅಲ್ಲಷ್ಟೇ ತೇಪೆ ಹಾಕಲು ಬರುವುದಿಲ್ಲ. ಹೊಸ ಪದರ ಹಳೆಯದರೊಂದಿಗೆ ಬೆಸೆಯುವುದಿಲ್ಲ, ಪೂರ್ತಿ ಕೆರೆದು ಮೊದಲಿನಿಂದ ಹಚ್ಚಬೇಕು. ಅರಗಿನಲ್ಲಿ ಹೊಸ ಕೈಯ ಸ್ಪಿರಿಟ್ ಹಳೆಯದನ್ನು ಕರಗಿಸಿ ಎರಡೂ ಒಂದಾಗುತ್ತವೆ. ನಿಮ್ಮ ಭರಣಿ ಕೊಂಡವರು ಐದು ವರ್ಷ ಬಿಟ್ಟು ತಂದರೂ ಹತ್ತು ನಿಮಿಷದಲ್ಲಿ ಸರಿ ಮಾಡಿ ಕೊಡಬಹುದು. ಅಲ್ಲದೆ ಎರಡು ಡಬ್ಬದ ಪಿಯುವಿನ ಗಟ್ಟಿಕಾರಕ ಶ್ವಾಸಕ್ಕೆ ಕೆಟ್ಟದ್ದು. ಮುಚ್ಚಿದ ಕೊಟ್ಟಿಗೆಯಲ್ಲಿ ಅದನ್ನು ಸಿಂಪಡಿಸುವವರನ್ನು ಕಂಡರೆ ನನಗೆ ಭಯ. ಊರುಗೋಲಿನ ಹಿಡಿಗೆ ಮಾತ್ರ ನಾನು ಪಿಯು ಹಚ್ಚುತ್ತೇನೆ, ಮಳೆಯಲ್ಲಿ ನೆನೆಯುವ ಸಾಮಾನು ಅದು. ಕೀ ಗೊಂಚಲಿನ ಗುಂಡಿಗೆ ಯಾವ ಪೊರೆಯೂ ನಿಲ್ಲುವುದಿಲ್ಲ, ಬೀಗದ ಕೈಗಳೇ ಕೆರೆದು ಹಾಕುತ್ತವೆ. ಹಲಸಿನದಾದರೆ ಅಗಸೆ ಎಣ್ಣೆ ತೆಳ್ಳಗೆ ಕುಡಿಸಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ ಬಿಡಿ. ಕೈ ಜಿಡ್ಡಿಗೇ ಅದು ಚೆಂದವಾಗುತ್ತಾ ಹೋಗುತ್ತದೆ.

ಅರಗಿನ ವೈರಿಗಳನ್ನೂ ಹೇಳಿಬಿಡುತ್ತೇನೆ. ಬಿಸಿ ಪಾತ್ರೆ, ಸೋಪಿನ ನೀರು, ಸ್ಪಿರಿಟ್. ಕೊರೊನಾ ಕಾಲದಲ್ಲಿ ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಹಿಡಿದು ಹಿಡಿದು ನನ್ನ ಮೇಜಿನ ಮೇಲಿನ ಮುದ್ದಾದ ಬೀಟೆ ಡಬ್ಬಿಯಲ್ಲಿ ಐದು ಬೆರಳ ಗುರುತು ಕೂತಿದೆ. ಇನ್ನು ಜೋರು ಮಳೆ ದಿನ ಹಚ್ಚಿದರೆ ಸ್ಪಿರಿಟ್ ಆರುವಾಗ ಗಾಳಿಯ ತೇವ ಸಿಕ್ಕಿ ಬೆಳ್ಳಗೆ ಮಂಜು ಕವಿದಂತಾಗುತ್ತದೆ. ಹಾಗಾದರೆ ಗಾಬರಿ ಬೇಡ, ಒಣ ದಿನ ನೋಡಿ ಇನ್ನೊಂದು ತೆಳು ಕೈ ಕೊಟ್ಟರೆ ಮಂಜು ಹೋಗುತ್ತದೆ. ನಾನು ಆರಿದ್ರೆಯಿಂದ ಮಘೆವರೆಗೆ ಬರೀ ಕಡೆಯುತ್ತೇನೆ, ಹಚ್ಚುವ ಕೆಲಸವನ್ನೆಲ್ಲ ದೀಪಾವಳಿಯ ಆಚೆಗೆ ಇಡುತ್ತೇನೆ. ಎಳ್ಳಮಾವಾಸ್ಯೆಗೆ ಅಷ್ಟು ಸಮಯ ಸಾಕು.

ನೆರೆಮನೆಯವರು ಯಾರಾದರೂ ಗೇರುಸಿಪ್ಪೆ ಎಣ್ಣೆ ಹಚ್ಚಿ, ಒರಲೆ ಬರುವುದಿಲ್ಲ ಎಂದಾರು. ಅದು ಪಕಾಸಿಗೆ, ಬೇಲಿ ಗೂಟಕ್ಕೆ. ಕೈಯಲ್ಲಿ ಹಿಡಿಯುವ ವಸ್ತುವಿಗೆ ಹಚ್ಚಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ.

ಪ್ರಶ್ನೆ: ಸರ್, ನಾನು ಕಾಫಿ ಗಿಡದ ಮರ ಮತ್ತು ಹುಣಸೆಯಲ್ಲಿ ಪೆನ್ನು ಕಡೆಯುತ್ತೇನೆ. ಅರಗು ಹಚ್ಚಿದ್ದು ಬೆವರಿಗೆ ಆರು ತಿಂಗಳಲ್ಲಿ ಹೋಯಿತು. ಫೆವಿಕ್ವಿಕ್ ಥರದ ಅಂಟನ್ನೇ ಪಾಲೀಸಾಗಿ ಹಚ್ಚುತ್ತಾರಂತೆ, ನಿಜವೇ?
— ವಿದ್ಯಾರ್ಥಿ, ಭದ್ರಾವತಿ

ಉತ್ತರ: ನಿಜ ತಮ್ಮ. ಪೆನ್ನಿಗೆ ನಾನೂ ಅರಗನ್ನು ಬಿಟ್ಟು ಅದಕ್ಕೇ ಬಂದಿದ್ದೇನೆ. ದಿನವಿಡೀ ಬೆವರು ಕೈಯಲ್ಲಿ ಇರುವ ವಸ್ತು ಅದು. ತೆಳ್ಳಗಿನ ಸೈನೋಅಕ್ರಿಲೇಟ್, ಅಂದರೆ ನೀನು ಹೇಳಿದ ಅದೇ ಅಂಟು, ತಗೊಂಡು, ಲೇತ್ ನಿಧಾನಕ್ಕೆ ತಿರುಗಿಸುತ್ತಾ, ಟಿಶ್ಯೂ ಕಾಗದದಲ್ಲಿ ಎಂಟು ಹತ್ತು ಪದರ ಕೊಡು. ಪ್ರತಿ ಪದರ ಪೂರ್ತಿ ಗಟ್ಟಿಯಾಗಲಿ. ಕೊನೆಗೆ 600ರಿಂದ 2000ದವರೆಗಿನ ನೀರುಕಾಗದದಲ್ಲಿ ಒದ್ದೆ ಮಾಡಿ ತಿಕ್ಕಿದರೆ ಗಾಜಿನ ಹಾಗೆ ಬರುತ್ತದೆ. ಎರಡು ತುದಿಗೂ ಒಂದು ಹನಿ ಕುಡಿಸು, ಎಳೆ ಕಡಿದು ನಿಂತ ಜಾಗದಿಂದಲೇ ನೀರು ಒಳಗೆ ಹೋಗಿ ಪೊರೆ ಏಳುವುದು.

ಈ ಅಂಟನ್ನು ಹತ್ತಿ ಬಟ್ಟೆಯಲ್ಲಿ ಹಚ್ಚಲೇಬೇಡ. ಹತ್ತಿಗೆ ತಾಗಿದರೆ ಒಮ್ಮೆಲೇ ಬಿಸಿಯಾಗಿ ಹೊಗೆಯಾಡುತ್ತದೆ, ಬೆರಳು ಸುಡುತ್ತದೆ. ನಾನು ಪಂಚೆಯ ಮೇಲೆ ಒಂದು ಹನಿ ಬೀಳಿಸಿಕೊಂಡು ಕುಣಿದಿದ್ದೇನೆ. ಕಣ್ಣಿಗೆ ಕನ್ನಡಕ ಇರಲಿ, ಕಿಟಕಿ ತೆರೆದಿರಲಿ. ಇದು ಗಾಳಿಯ ತೇವದಿಂದಲೇ ಗಟ್ಟಿಯಾಗುವ ಅಂಟು, ಹಾಗಾಗಿ ಮಳೆಗಾಲದಲ್ಲಿ ಬೇಗ ಕೂರುತ್ತದೆ, ಆದರೆ ಪೆನ್ನಿನ ಮೇಲೆ ಬೂದಿಯಂಥ ಬಿಳುಪು ಬರುತ್ತದೆ. ಪದರ ತೆಳುವಿದ್ದಷ್ಟೂ ಬಿಳುಪು ಕಡಿಮೆ. ಒಂದು ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ 40 ವಾಟಿನ ಬಲ್ಬು ರಟ್ಟಿಗೆ ತಾಗದಂತೆ ಇಳಿಬಿಟ್ಟು ಮರವನ್ನು ಮೊದಲು ಒಣಗಿಸಿಕೋ. ಎದುರಿಗೇ ಇರು, ಉರಿಸಿಟ್ಟು ಎದ್ದು ಹೋಗಬೇಡ. ಅಷ್ಟು ಹೊಳಪು ನಿನಗೆ ಪ್ಲಾಸ್ಟಿಕ್ಕಿನಂತೆ ಕಂಡರೆ ಕೊನೆಯಲ್ಲಿ ಸ್ವಲ್ಪ ಮೇಣ ತಿಕ್ಕು. ನನಗೆ ಹಾಗೇ ಕಾಣುತ್ತದೆ. ಕೊಳ್ಳುವವರಿಗೆ ಹೊಳಪೇ ಬೇಕು, ಏನು ಮಾಡುವುದು.

ಪ್ರಶ್ನೆ: ಅಪ್ಪಯ್ಯನಿಗೆಂದು ಶಿವನೆ ಮರದಲ್ಲಿ ಸುಣ್ಣದ ಡಬ್ಬಿ ಕಡೆದು ಒಳಗೂ ಹೊರಗೂ ಅರಗು ಹಚ್ಚಿ ಕೊಟ್ಟೆ. ವಾರದಲ್ಲಿ ಒಳಗಿನ ಪಾಲೀಸು ಕೆಂಪಗೆ ಕರಗಿ ಸುಣ್ಣಕ್ಕೇ ಬೆರೆಯಿತು. ಕವಳ ಹಾಕುವವರು ಬೈದರು. ಅಗಸೆ ಎಣ್ಣೆ ಹಚ್ಚಲೇ?
— ಓದುಗರು, ಶೃಂಗೇರಿ

ಉತ್ತರ: ಹಚ್ಚಬೇಡಿ ಮಾರಾಯ್ರೆ, ಇನ್ನೂ ಎಡವಟ್ಟಾಗುತ್ತದೆ. ಒದ್ದೆ ಸುಣ್ಣ ಕಟುಕ್ಷಾರ. ಅರಗು ಕ್ಷಾರಕ್ಕೆ ಕರಗುತ್ತದೆ, ಎಣ್ಣೆಯ ಪೊರೆ ಕ್ಷಾರ ಸೇರಿ ಸೋಪಾಗುತ್ತದೆ. ಅಪ್ಪಯ್ಯ ಸೋಪು ತಿಂದಂತೆ. ಹಿಂದಿನವರು ಸುಣ್ಣಕ್ಕೆ ಲೋಹದ ಕರಡಿಗೆ ಇಟ್ಟದ್ದು ಸುಮ್ಮನೆ ಅಲ್ಲ. ಪೂಜಾ ಸಾಮಾನಿನ ಅಂಗಡಿಯಲ್ಲಿ ಸಿಗುವ ಅತಿ ಸಣ್ಣ ಸ್ಟೀಲ್ ಬಟ್ಟಲು ತಂದು, ಅದರ ಅಳತೆಗೆ ಡಬ್ಬಿಯ ಒಳಗನ್ನು ಕಡೆದು ಕೂರಿಸಿ. ಅಲ್ಯೂಮಿನಿಯಂ ಬೇಡ, ಅದನ್ನೂ ಸುಣ್ಣ ತಿನ್ನುತ್ತದೆ. ಹೊರಗೆ ಅರಗು ಇರಲಿ, ಆದರೆ ಸುಣ್ಣದ ಬೆರಳು ಒರೆಸುವ ಅಭ್ಯಾಸ ಅಪ್ಪಯ್ಯನಿಗಿದ್ದರೆ ಅದೂ ಉಳಿಯುವುದಿಲ್ಲ. ಬರೀ ಮರ ಬಿಡಿ, ಶಿವನೆ ಹಾಗೆಯೇ ಚೆಂದ.

ಪ್ರಶ್ನೆ: ಒಂದು ವರ್ಷದ ಮೊಮ್ಮಗ ಕಂಡದ್ದೆಲ್ಲ ಬಾಯಿಗೆ ಹಾಕುತ್ತಾನೆ. ಗಿಲಕಿಗೆ ಯಾವ ಬಣ್ಣ ಸುರಕ್ಷಿತ? ಹತ್ತಿಪ್ಪತ್ತು ಮಾಡಿ ಮಾರಲೂಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಶುದ್ಧ ಅರಗು ತಿನ್ನುವ ಗುಳಿಗೆಯ ಮೇಲೂ ಮಿಠಾಯಿಯ ಮೇಲೂ ಇರುತ್ತದೆ, ಅದರಿಂದ ಭಯವಿಲ್ಲ. ಭಯ ಬಣ್ಣದ್ದು. ಪುಡಿಯಲ್ಲಿ ಸೀಸ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಮೊಮ್ಮಗನಿಗೆ ಬಣ್ಣವೇ ಬೇಡ, ಹಾಲೆ ಮರ ಸಿಕ್ಕರೆ ಬೆಣ್ಣೆಯ ಹಾಗಿರುತ್ತದೆ. 400ರ ಉಪ್ಪುಕಾಗದ ಆದ ಮೇಲೆ ಲೇತ್ ತಿರುಗುತ್ತಿರುವಾಗ ಅದೇ ಮರದ ಕೆತ್ತೆಯನ್ನು ಒಂದು ಹಿಡಿ ಒತ್ತಿ ಹಿಡಿಯಿರಿ, ತಾನಾಗಿ ಹೊಳಪು ಬರುತ್ತದೆ. ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್ಸೀಡ್ ಎಣ್ಣೆ ಮಾತ್ರ ಗಿಲಕಿಗೆ ಹಚ್ಚಬೇಡಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಒಳಗೆ ಹಾಕುವ ಕಾಳು ಹೊರಬಾರದಂತೆ ಬೆಸುಗೆ ಗಟ್ಟಿ ಮಾಡಿ, ಪಾಲೀಸಿಗಿಂತ ಅದು ಮುಖ್ಯ.

ಮಾರುವ ವಿಚಾರ: 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಕುಶಲಕರ್ಮಿ ಎಂದು ನೋಂದಾಯಿಸಿಕೊಂಡವರಿಗೆ ವಿನಾಯಿತಿ ಕೊಟ್ಟಿದ್ದಾರೆ. ಮೊದಲು ಆ ಕುಶಲಕರ್ಮಿ ಕಾರ್ಡು ಮಾಡಿಸಿಕೊಳ್ಳಿ.

ಪ್ರಶ್ನೆ: ಅಡಿಕೆ ಚೊಗರಿನಲ್ಲಿ ಮರಕ್ಕೆ ಬಣ್ಣ ಬರುತ್ತದೆಯೇ?
— ಓದುಗರು, ಸಾಗರ

ಉತ್ತರ: ಸೊಗಸಾಗಿ ಬರುತ್ತದೆ. ನಿಮ್ಮೂರ ಹತ್ತಿರ ಹೆಗ್ಗೋಡಿನಲ್ಲಿ ಬಟ್ಟೆಗೇ ಹಾಕುತ್ತಾರಲ್ಲ. ಅಡಿಕೆ ಬೇಯಿಸಿದಾಗ ಉಳಿಯುವ ಆ ಗಟ್ಟಿ ಚೊಗರು ಹಾಗೇ ಬಳಿದರೆ ಅಂಟಂಟಾಗುತ್ತದೆ. ಬಿಸಿನೀರಿನಲ್ಲಿ ತೆಳ್ಳಗೆ ಮಾಡಿ, ಸೋಸಿ, ಎರಡು ಮೂರು ಸಲ ಹಚ್ಚಿ. ಸಿಲ್ವರ್ ಓಕ್‌ನಂಥ ಪೇಲವ ಮರ ಕೆಂಗಂದಾಗುತ್ತದೆ. ಕಪ್ಪು ಬೇಕಿದ್ದರೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ಒಂದು ವಾರ ನೆನೆಸಿ, ಆ ನೀರನ್ನು ಚೊಗರಿನ ಮೇಲೆ ಸವರಿ. ಕಣ್ಣೆದುರೇ ಕಪ್ಪಾಗುತ್ತದೆ, ಚೊಗರಿನ ಒಗರಿಗೆ (ಟ್ಯಾನಿನ್) ಕಬ್ಬಿಣ ಸೇರಿದಾಗ ಆಗುವ ಬಣ್ಣ ಅದು. ಪೂರ್ತಿ ಒಣಗಿದ ಮೇಲೆ ಅರಗು. ಕಳೆದ ವರ್ಷ ಹೀಗೆ ಮಾಡಿದ ನಾಲ್ಕು ಬಟ್ಟಲನ್ನು ಬೀಟೆ ಎಂದೇ ತಿಳಿದು ಒಬ್ಬರು ಬೆಲೆ ಕೇಳಿದರು. ಸಿಲ್ವರ್ ಓಕ್ ಎಂದು ಹೇಳಿದೆ, ಹೊರಟುಹೋದರು.

ಪ್ರಶ್ನೆ: ಚಪಾತಿ ಲಟ್ಟಣಿಗೆಗೆ ಯಾವ ಪಾಲೀಸು ಒಳ್ಳೆಯದು?
— ಓದುಗರು, ಕೊಪ್ಪ

ಉತ್ತರ: ಯಾವುದೂ ಬೇಡ. ತೊಳೆದು, ಒರೆಸಿ, ಒಲೆಯ ಹತ್ತಿರ ನಿಲ್ಲಿಸಿಡಿ.